ವಾಲ್ವಾಕ್ಸ್ ಕಾರ್ಟೆರಿ

ವಾಲ್ವಾಕ್ಸ್ ಕಾರ್ಟೆರಿ ನಿಂತ ಸಿಹಿನೀರಿನಲ್ಲಿ ಈಜಾಡುತ್ತ ಬದುಕುವ ಹಸಿರು ಶೈವಲ. ವಾಲ್ವಾಕ್ಸ್ ಜಾತಿಯ ಹಲವು ಪ್ರಭೇದಗಳಲ್ಲಿ ಇದೂ ಒಂದು. ಕೆರೆ, ಕುಂಟೆ, ಹೊಂಡ, ನೀರು ನಿಂತ ಗದ್ದೆ ಇದರ ನೆಲೆ. ಬಲಿತ ಗೋಳದ ಅಡ್ಡಳತೆ ಅರ್ಧ ಮಿಲಿಮೀಟರಿನ ಆಸುಪಾಸು. ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದರೆ ನಿಧಾನವಾಗಿ ಉರುಳುತ್ತ ಸಾಗುವ ಹಸಿರು ಚುಕ್ಕೆಗಳಾಗಿ ಬರಿಗಣ್ಣಿಗೇ ಕಾಣುತ್ತದೆ. ಪಾಚಿ ಎಂದೊಡನೆ ಮೆಟ್ಟಿಲ ಮೇಲಿನ ಜಾರುವ ಲೋಳೆಯೋ ನೀರಿನ ಮೇಲೆ ಕಟ್ಟುವ ಕೆನೆಯೋ ನೆನಪಾಗುತ್ತದೆ. ಈ ಶೈವಲ ಎಲ್ಲಿಗೂ ಅಂಟಿಕೊಳ್ಳುವುದಿಲ್ಲ. ಹುಟ್ಟಿನಿಂದ ಸಾವಿನವರೆಗೂ ಚಲಿಸುತ್ತಲೇ ಇರುತ್ತದೆ.

ಒಂದು ಗೋಳದಲ್ಲಿ ಎರಡೇ ಬಗೆಯ ಜೀವಕೋಶಗಳಿರುತ್ತವೆ. ಹೊರಮೈಯಲ್ಲಿ ಒಂದೇ ಪದರದಲ್ಲಿ ಸುಮಾರು 2000 ಸಣ್ಣ ದೇಹಕೋಶಗಳು. ಅದರ ಒಳಬದಿಗೆ ಹೆಚ್ಚೆಂದರೆ 16 ದೊಡ್ಡ ಜನನಕೋಶಗಳು. ದೇಹಕೋಶಗಳು ಗೋಳವನ್ನು ಈಜಿಸುತ್ತವೆ, ಆದರೆ ಮತ್ತೆಂದೂ ವಿಭಜಿಸುವುದಿಲ್ಲ. ಜನನಕೋಶಗಳು ಈಜಲಾರವು, ಆದರೆ ಒಂದೊಂದೂ ಬೆಳೆದು ಹೊಸ ಗೋಳವಾಗುತ್ತದೆ. ಪ್ರಾಣಿಗಳಲ್ಲೂ ಮೇಲ್ದರ್ಜೆಯ ಸಸ್ಯಗಳಲ್ಲೂ ನೂರಾರು ಬಗೆಯ ಕೋಶಗಳ ನಡುವೆ ಹೂತುಹೋಗಿರುವ ಪ್ರಶ್ನೆಯೊಂದು ಇಲ್ಲಿ ಬಿಡಿಯಾಗಿ, ಸ್ವಚ್ಛವಾಗಿ ನಿಲ್ಲುತ್ತದೆ. ಒಂದೇ ಕೋಶದಿಂದ ಹುಟ್ಟಿದ ಒಡಹುಟ್ಟುಗಳಲ್ಲಿ ಕೆಲವು ಮುಂದಿನ ಪೀಳಿಗೆಯಾಗಿ ಉಳಿಯುತ್ತವೆ, ಉಳಿದವು ದುಡಿದು ಸಾಯುತ್ತವೆ; ಇದು ಹೇಗೆ ನಿರ್ಧಾರವಾಗುತ್ತದೆ? ಕೆರೆ ನೀರಿನ ಈ ಸಾಧಾರಣ ಜೀವಿಗೆ ಜೀವವಿಜ್ಞಾನದಲ್ಲಿ ಇಷ್ಟು ಎತ್ತರದ ಸ್ಥಾನ ಸಿಕ್ಕಿರುವುದು ಈ ಪ್ರಶ್ನೆಯಿಂದ.

ಅಧ್ಯಯನದ ಇತಿಹಾಸ

ವಾಲ್ವಾಕ್ಸನ್ನು ಮೊದಲು ಕಂಡು ಬರೆದವನು ಡೆಲ್ಫ್ಟ್ ನಗರದ ಆಂಟನಿ ವಾನ್ ಲೀವೆನ್‌ಹುಕ್. 1698ರ ಆಗಸ್ಟಿನಲ್ಲಿ ತಂದ ನೀರಿನಲ್ಲಿ ದುಂಡಗಿನ ಹಸಿರು ಕಣಗಳು ತಿರುಗುತ್ತ ಚಲಿಸುವುದನ್ನು ಅವನು ತಾನೇ ಉಜ್ಜಿ ಮಾಡಿದ ಮಸೂರದ ಮೂಲಕ ನೋಡಿದ. ಪ್ರತಿ ಗೋಳದ ಒಳಗೂ ಅದರದೇ ಪಡಿಯಚ್ಚಿನಂಥ ಪುಟ್ಟ ಗೋಳಗಳಿದ್ದವು. ಅವನ್ನು ಗಾಜಿನ ಕೊಳವೆಯಲ್ಲಿಟ್ಟು ಕಾದ. ದೊಡ್ಡದು ಒಡೆದು ಒಳಗಿನವು ಹೊರಬಂದವು. ಸಣ್ಣ ಜೀವಿಗಳು ಕೊಳೆತ ವಸ್ತುವಿನಿಂದ ತಾವಾಗಿಯೇ ಹುಟ್ಟುತ್ತವೆ ಎಂಬ ಅಂದಿನ ನಂಬಿಕೆಯನ್ನು ಅವನು ಒಪ್ಪುತ್ತಿರಲಿಲ್ಲ. ಅದರ ವಿರುದ್ಧ ಇದು ಅವನ ಕೈಗೆ ಸಿಕ್ಕ ಬಲವಾದ ಸಾಕ್ಷಿಯಾಯಿತು. 1700ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಇದನ್ನೆಲ್ಲ ವಿವರಿಸಿದ. 1758ರಲ್ಲಿ ಲಿನೇಯಸ್ ಈ ಜೀವಿಗೆ ವಾಲ್ವಾಕ್ಸ್ ಎಂದು ಹೆಸರಿಟ್ಟ. ಚಲಿಸುತ್ತದೆ ಎಂಬ ಕಾರಣಕ್ಕೆ ಅದನ್ನು ಸಸ್ಯಗಳೊಂದಿಗೆ ಇರಿಸದೆ ಹುಳುಗಳ ವರ್ಗಕ್ಕೆ ಸೇರಿಸಿದ.

ಕಾರ್ಟೆರಿ ಎಂಬ ಪ್ರಭೇದದ ಕಥೆ ಶುರುವಾಗುವುದು ಮುಂಬಯಿಯಲ್ಲಿ. ಹೆನ್ರಿ ಜಾನ್ ಕಾರ್ಟರ್ (1813–1895) ಬಾಂಬೆ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದವನು. ವೈದ್ಯಕೀಯದ ಜೊತೆಜೊತೆಗೇ ಪಶ್ಚಿಮ ಭಾರತದ ಭೂರಚನೆ, ಸಿಹಿನೀರಿನ ಸ್ಪಂಜುಗಳು, ಸೂಕ್ಷ್ಮಜೀವಿಗಳು ಇವನ್ನೆಲ್ಲ ಅಭ್ಯಾಸ ಮಾಡಿದ. ಮುಂಬಯಿಯ ನೀರಿನಲ್ಲಿ ಸಿಕ್ಕ ವಾಲ್ವಾಕ್ಸ್ ಗೋಳಗಳ ಗರ್ಭಾಂಕುರ ಕ್ರಿಯೆಯನ್ನು ಕುರಿತ ಅವನ ಪ್ರಬಂಧ 1859ರಲ್ಲಿ ಪ್ರಕಟವಾಯಿತು. ತಾನು ನೋಡುತ್ತಿರುವುದು ಯೂರೋಪಿನಲ್ಲಿ ಆಗಲೇ ಗೊತ್ತಿದ್ದ ವಾಲ್ವಾಕ್ಸ್ ಗ್ಲೊಬೇಟರ್ ಎಂದು ಅವನು ಎಣಿಸಿದ್ದ. ಫ್ರೀಡ್ರಿಶ್ ಸ್ಟೈನ್ 1878ರಲ್ಲಿ ಇದು ಬೇರೆಯೇ ಪ್ರಭೇದವೆಂದು ಗುರುತಿಸಿ ಕಾರ್ಟರನ ಹೆಸರಿಟ್ಟ. ಇಂದು ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ಸಾಕುತ್ತಿರುವ ಶೈವಲ ವಿಜ್ಞಾನದ ಕಣ್ಣಿಗೆ ಮೊದಲು ಬಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ನೀರಿನಲ್ಲಿ. ನಮ್ಮ ಪಠ್ಯಗಳು ಇದನ್ನು ಹೇಳಬೇಕಿತ್ತು.

ಎರಡನೆಯ ಭಾರತೀಯ ಕೊಂಡಿ ಮದರಾಸಿನದು. ಭಾರತದ ಶೈವಲ ವಿಜ್ಞಾನದ ಪಿತಾಮಹರೆನಿಸಿದ ಮಂಡಯಂ ಒ. ಪಾರ್ಥಸಾರಥಿ ಅಯ್ಯಂಗಾರ್ (1886–1963) ಮದರಾಸು ವಿಶ್ವವಿದ್ಯಾಲಯದಲ್ಲಿ ಕುಳಿತು ದಕ್ಷಿಣ ಭಾರತದ ಕೆರೆಕುಂಟೆಗಳಲ್ಲಿರುವ, ವಾಲ್ವಾಕ್ಸ್ ಸೇರಿದ ವಾಲ್ವೊಕೇಲ್ಸ್ ಗುಂಪನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಮೇಲುಕೋಟೆಯೊಂದಿಗೆ ನಂಟುಳ್ಳ ಮಂಡಯಂ ಅಯ್ಯಂಗಾರರ ಸಮುದಾಯಕ್ಕೆ ಸೇರಿದವರು ಅವರು. 1933ರ ಅವರ ದೀರ್ಘ ಪ್ರಬಂಧ ಈ ಗುಂಪಿನ ಬಗ್ಗೆ ಇಂದಿಗೂ ತೆಗೆದು ನೋಡಬೇಕಾದ ಆಕರ. ಅದರಲ್ಲಿ ಅವರು ಕಾರ್ಟೆರಿಯ ಒಂದು ಉಪರೂಪಕ್ಕೆ ನಾಗರಿಯೆನ್ಸಿಸ್ ಎಂದು ಹೆಸರಿಟ್ಟರು. ಅವರೂ ಶಿಷ್ಯ ಟಿ. ವಿ. ದೇಶಿಕಾಚಾರಿಯವರೂ ಸೇರಿ ಬರೆದ ವಾಲ್ವೊಕೇಲ್ಸ್ ಗ್ರಂಥ 1981ರಲ್ಲಿ ದೆಹಲಿಯಿಂದ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಅಯ್ಯಂಗಾರರು ತೀರಿಕೊಂಡು ಹದಿನೆಂಟು ವರ್ಷಗಳಾಗಿದ್ದವು.

ಅಮೆರಿಕದ ರಿಚರ್ಡ್ ಸ್ಟಾರ್ ಪ್ರಯೋಗಾಲಯಕ್ಕೆ ಆರಿಸಿಕೊಂಡದ್ದು ಇದೇ ನಾಗರಿಯೆನ್ಸಿಸ್ ರೂಪವನ್ನು. ಜಪಾನಿನಲ್ಲಿ ಸಂಗ್ರಹಿಸಿದ ಒಂದು ಗಂಡು, ಒಂದು ಹೆಣ್ಣು ತಳಿಯನ್ನು ಇಟ್ಟುಕೊಂಡು ಅದರ ರಚನೆ, ಸಂತಾನೋತ್ಪತ್ತಿ, ಕೋಶಭೇದಗಳನ್ನು 1969ರಲ್ಲಿ ಕೂಲಂಕಷವಾಗಿ ವಿವರಿಸಿದರು. ಅವರು ಕಟ್ಟಿದ ಶೈವಲ ಸಂಗ್ರಹ 1976ರಲ್ಲಿ ಇಂಡಿಯಾನಾದಿಂದ ಟೆಕ್ಸಾಸಿಗೆ ಬಂತು. ಸಂಶೋಧಕರು ಇಂದಿಗೂ ಅಲ್ಲಿಂದ ತಳಿ ತರಿಸಿಕೊಳ್ಳುತ್ತಾರೆ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಕರ್ಕ್ ಮತ್ತು ಮೆರಿಲಿನ್ ಕರ್ಕ್ ಮುಂದಿನ ದಶಕಗಳಲ್ಲಿ ಇದರ ವಂಶವಾಹಿಗಳನ್ನು ಒಂದೊಂದಾಗಿ ಬಿಡಿಸಿದರು. ಡೇವಿಡ್ ಕರ್ಕ್ 1998ರಲ್ಲಿ ಈ ಒಂದು ಜೀವಿಯ ಮೇಲೆ ಇಡೀ ಪುಸ್ತಕ ಬರೆದರು.

ರಚನೆ

ಗೋಳದ ಗಾತ್ರದಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಭಾಗ ಜೀವಕೋಶವೇ ಅಲ್ಲ. ಅದು ಕೋಶಗಳು ಸ್ರವಿಸಿದ, ಸಕ್ಕರೆ ಬೆರೆತ ಪ್ರೋಟೀನುಗಳಿಂದಾದ ಪಾರದರ್ಶಕ ಲೋಳೆ. ಕೋಶಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವುದು ಈ ಲೋಳೆ. ಏಕಕೋಶ ಶೈವಲಗಳ ಕೋಶಭಿತ್ತಿಯಲ್ಲಿರುವ ಪ್ರೋಟೀನುಗಳ ಬಳಗವೇ ಇಲ್ಲಿ ಹಿಗ್ಗಿ, ಕವಲೊಡೆದು ಇಷ್ಟು ದೊಡ್ಡ ಕಟ್ಟೋಣವಾಗಿದೆ.

ಒಂದೊಂದು ದೇಹಕೋಶವೂ ನೋಡಲಿಕ್ಕೆ ಥೇಟ್ ಏಕಕೋಶ ಶೈವಲವಾದ ಕ್ಲಮೈಡೊಮೊನಾಸ್. ಬಟ್ಟಲಿನಾಕಾರದ ಒಂದು ಕ್ಲೋರೊಪ್ಲಾಸ್ಟ್, ಒಂದು ಕೋಶಕೇಂದ್ರ, ನೀರು ಹೊರಹಾಕುವ ಸಂಕೋಚನ ರಸದಾನಿಗಳು, ಕೆಂಪಗಿನ ಕಣ್ಚುಕ್ಕಿ, ಸಮ ಉದ್ದದ ಎರಡು ಕಶಾಂಗಗಳು. ಬೇರೆಯಾಗಿರುವುದು ಕಶಾಂಗಗಳ ಬಡಿತ. ಒಂಟಿಯಾಗಿ ಈಜುವ ಕ್ಲಮೈಡೊಮೊನಾಸ್ ತನ್ನ ಎರಡು ಕಶಾಂಗಗಳನ್ನು ಎದುರುಬದುರು ದಿಕ್ಕಿಗೆ ಬಡಿಯುತ್ತದೆ. ಗೋಳದ ಮೇಲೆ ಹಾಗೆ ಬಡಿದರೆ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ವಾಲ್ವಾಕ್ಸಿನಲ್ಲಿ ಕಶಾಂಗಗಳ ಬುಡ ತಿರುಗಿ ಕೂತಿರುವುದರಿಂದ ಎರಡೂ ಒಂದೇ ಕಡೆಗೆ, ಗೋಳದ ಹಿಂತುದಿಯತ್ತ, ಬಡಿಯುತ್ತವೆ. ಬಡಿತ ನೆಟ್ಟಗಿರದೆ ಸ್ವಲ್ಪ ಓರೆಯಾಗಿರುವುದೇ ಗೋಳ ಮುಂದೆ ಸಾಗುತ್ತ ತನ್ನ ಸುತ್ತ ತಾನೂ ತಿರುಗುವುದಕ್ಕೆ ಕಾರಣ.

ಗೋಳಕ್ಕೆ ಮುಂದು ಹಿಂದುಗಳುಂಟು. ಮುಂತುದಿಯ ಕೋಶಗಳ ಕಣ್ಚುಕ್ಕಿ ದೊಡ್ಡದು, ಹಿಂದೆ ಹೋದಂತೆ ಅದು ಚಿಕ್ಕದಾಗುತ್ತ ಬರುತ್ತದೆ. ಜನನಕೋಶಗಳು ಹಿಂಭಾಗದಲ್ಲಿವೆ. ಗ್ಲೊಬೇಟರ್ ಮತ್ತು ಆರಿಯಸ್ ಪ್ರಭೇದಗಳಲ್ಲಿ ಬಲಿತ ಗೋಳದ ಕೋಶಗಳ ನಡುವೆ ಕೋಶರಸದ ಎಳೆಗಳು ಉಳಿದಿರುತ್ತವೆ. ಕಾರ್ಟೆರಿಯಲ್ಲಿ ಅವು ಭ್ರೂಣಾವಸ್ಥೆಯಲ್ಲಿ ಮಾತ್ರ ಇದ್ದು ಮುಂದೆ ಕಡಿದುಹೋಗುತ್ತವೆ. ಎರಡು ಸಾವಿರ ಕೋಶಗಳು ನೇರ ಸಂಪರ್ಕವೇ ಇಲ್ಲದೆ ಒಂದೇ ಜೀವಿಯಾಗಿ ಬಾಳುತ್ತವೆ.

ಹಾಗಾದರೆ ಬೆಳಕಿನತ್ತ ಹೇಗೆ ತಿರುಗುತ್ತದೆ? ಆಜ್ಞೆ ಕೊಡುವ ಕೇಂದ್ರ ಎಲ್ಲೂ ಇಲ್ಲ. ಗೋಳ ತಿರುಗುವಾಗ ಪ್ರತಿ ಕೋಶದ ಕಣ್ಚುಕ್ಕಿ ಸರದಿಯಂತೆ ಬೆಳಕಿಗೆ ಎದುರಾಗುತ್ತದೆ. ಬೆಳಕು ಕಂಡ ಕೋಶ ತುಸು ಹೊತ್ತು ಬಡಿತವನ್ನು ತಗ್ಗಿಸಿ ಮತ್ತೆ ಮೊದಲಿನಂತಾಗುತ್ತದೆ. ಬೆಳಕಿನ ಕಡೆಯ ಮಗ್ಗುಲು ದುರ್ಬಲವಾಗಿ, ನೆರಳಿನ ಮಗ್ಗುಲು ಬಲವಾಗಿ ತಳ್ಳುವುದರಿಂದ ಗೋಳ ಬೆಳಕಿನತ್ತ ವಾಲುತ್ತದೆ. ಕೇಂಬ್ರಿಜ್‌ನ ರೇಮಂಡ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ, ಕೋಶ ಬೆಳಕಿಗೆ ಸ್ಪಂದಿಸಿ ಚೇತರಿಸಿಕೊಳ್ಳುವ ಅವಧಿಯೂ ಗೋಳದ ತಿರುಗುವ ವೇಗವೂ ಒಂದಕ್ಕೊಂದು ಹೊಂದಿಕೊಂಡಿವೆ. ಅದೇ ಗುಂಪು 2009ರಲ್ಲಿ ಇನ್ನೊಂದು ಸೊಗಸಾದ ಸಂಗತಿಯನ್ನು ವರದಿ ಮಾಡಿತ್ತು. ಪಾತ್ರೆಯ ಮೇಲ್ಭಾಗಕ್ಕೆ ಬಂದ ಎರಡು ಗೋಳಗಳು ತಾವೇ ಎಬ್ಬಿಸಿದ ನೀರಿನ ಸೆಳೆತಕ್ಕೆ ಸಿಕ್ಕಿ ಹತ್ತಿರವಾಗಿ ಒಂದನ್ನೊಂದು ಸುತ್ತತೊಡಗುತ್ತವೆ. ಜೀವಶಾಸ್ತ್ರದ ಪಾಠವಾಗಿದ್ದ ಶೈವಲ ಹೀಗೆ ದ್ರವಚಲನ ಶಾಸ್ತ್ರದ ಪ್ರಯೋಗವಸ್ತುವೂ ಆಯಿತು.

ಹುಟ್ಟು

ಅನುಕೂಲದ ದಿನಗಳಲ್ಲಿ ಸಂತಾನೋತ್ಪತ್ತಿ ಅಲೈಂಗಿಕ. ಪ್ರಯೋಗಾಲಯದಲ್ಲಿ 16 ಗಂಟೆ ಬೆಳಕು, 8 ಗಂಟೆ ಕತ್ತಲೆ ಕೊಟ್ಟರೆ ಒಂದು ಪೀಳಿಗೆಗೆ 48 ಗಂಟೆ ಸಾಕು. ಗೊನಿಡಿಯ ಎಂದು ಕರೆಯುವ ಜನನಕೋಶ ಮೊದಲು ದೇಹಕೋಶದ ನೂರಾರು ಪಟ್ಟು ಗಾತ್ರಕ್ಕೆ ಬೆಳೆಯುತ್ತದೆ. ಆಮೇಲೆ ನಡುವೆ ಬೆಳವಣಿಗೆಗೆ ಬಿಡುವೇ ಕೊಡದೆ 11 ಅಥವಾ 12 ಸಲ ಸತತವಾಗಿ ವಿಭಜಿಸುತ್ತದೆ. ಮೊದಲ ಐದು ವಿಭಜನೆಗಳಲ್ಲಿ ಕೋಶಗಳು ಸಮಸಮವಾಗಿ ಸೀಳಿ 32 ಆಗುತ್ತವೆ. ಆರನೆಯದರಲ್ಲಿ ಹಾದಿ ಕವಲೊಡೆಯುತ್ತದೆ. ಭ್ರೂಣದ ಮುಂಭಾಗದ 16 ಕೋಶಗಳು ಅಸಮವಾಗಿ ಸೀಳುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡವು ಹೀಗೇ ಇನ್ನೆರಡು ಮೂರು ಸಲ ಚಿಕ್ಕ ಕೋಶಗಳನ್ನು ಕಳಚಿಕೊಟ್ಟು ವಿಭಜನೆ ನಿಲ್ಲಿಸುತ್ತವೆ. ಉಳಿದವು ಮುಂದುವರಿದು ಸುಮಾರು 2000 ಆಗುತ್ತವೆ.

ಇಲ್ಲಿ ಹಣೆಬರಹ ಬರೆಯುವುದು ಗಾತ್ರ. ವಿಭಜನೆ ಮುಗಿದಾಗ ಸುಮಾರು 8 ಮೈಕ್ರಾನಿಗಿಂತ ದೊಡ್ಡದಾಗಿ ಉಳಿದ ಕೋಶ ಜನನಕೋಶವಾಗುತ್ತದೆ, ಅದಕ್ಕಿಂತ ಚಿಕ್ಕದು ದೇಹಕೋಶವಾಗುತ್ತದೆ. ಚಿಕ್ಕ ಕೋಶಗಳನ್ನು ಕೃತಕವಾಗಿ ದೊಡ್ಡದಾಗಿಸಿದರೆ ಅವೂ ಜನನಕೋಶಗಳಾಗುವುದನ್ನು ಕರ್ಕ್ ತಂಡ ಪ್ರಯೋಗದಿಂದ ತೋರಿಸಿತು. ಕೋಶ ಭ್ರೂಣದ ಯಾವ ಮೂಲೆಯಲ್ಲಿತ್ತು ಎಂಬುದಲ್ಲ, ಎಷ್ಟು ದೊಡ್ಡದಾಗಿ ಉಳಿಯಿತು ಎಂಬುದೇ ಮುಖ್ಯ.

ವಿಭಜನೆ ಮುಗಿದ ಭ್ರೂಣಕ್ಕೆ ಒಂದು ತೊಡಕಿದೆ. ಅದರ ಕೋಶಗಳು ತಲೆಕೆಳಗಾಗಿ ಕೂತಿವೆ. ಕಶಾಂಗ ಹುಟ್ಟಬೇಕಾದ ತುದಿ ಟೊಳ್ಳಿನ ಒಳಗೆ ಚಾಚಿದೆ, ಜನನಕೋಶಗಳು ಹೊರಮೈಯಲ್ಲಿ ಉಬ್ಬಿಕೊಂಡಿವೆ. ಹೀಗೇ ಉಳಿದರೆ ಅದು ಎಂದೂ ಈಜಲಾರದು. ಆಗ ಗೋಳದ ಒಂದು ತುದಿಯಲ್ಲಿ ಶಿಲುಬೆಯಾಕಾರದ ಸೀಳು ತೆರೆಯುತ್ತದೆ. ಅದರ ನಾಲ್ಕು ತುಟಿಗಳು ಹೊರಕ್ಕೆ ಸುರುಳಿಸುತ್ತವೆ. ಬಟ್ಟೆಯ ಚೀಲವನ್ನು ಒಳಮೈ ಹೊರಗೆ ಮಾಡಿ ತಿರುವಿದಂತೆ ಇಡೀ ಭ್ರೂಣ ಮಗುಚಿಕೊಳ್ಳುತ್ತದೆ. ಕಾರ್ಟೆರಿಯಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಇದನ್ನು ಆರಂಭದಿಂದ ಕೊನೆಯವರೆಗೆ ನೋಡುವ ಅವಕಾಶ ಪ್ರತಿ ಜೀವಶಾಸ್ತ್ರ ವಿದ್ಯಾರ್ಥಿಗೂ ಒಮ್ಮೆಯಾದರೂ ಸಿಗಬೇಕು. ಯಾವ ಚಿತ್ರವೂ ಅದಕ್ಕೆ ಬದಲಿಯಾಗದು.

ಮಗುಚುವಿಕೆಯ ಯಂತ್ರ ಕೋಶಗಳ ಆಕಾರದಲ್ಲೇ ಇದೆ. ಸೀಳಿನ ಬಳಿಯ ಕೋಶಗಳು ಸರದಿಯಂತೆ ಉದ್ದ ಕತ್ತಿನ ಹೂಜಿಯ ರೂಪ ತಾಳುತ್ತವೆ. ಕೋಶಗಳನ್ನು ಬೆಸೆದಿರುವ ಎಳೆಗಳು ಮೊದಲು ನಡುಭಾಗದಲ್ಲಿದ್ದವು ಕತ್ತಿನ ತುದಿಗೆ ಸರಿಯುತ್ತವೆ. ಕೋಶಗಳ ಒಂದು ತುದಿ ಮಾತ್ರ ಒತ್ತೊತ್ತಾಗಿ ಕಟ್ಟಿಹೋದಾಗ ಹಾಳೆ ಬಾಗದೆ ಬೇರೆ ದಾರಿಯಿಲ್ಲ. ಈ ಸರಿಯುವಿಕೆಗೆ ಬೇಕಾದ ಕಿನೆಸಿನ್ ಬಗೆಯ ಮೋಟಾರು ಪ್ರೋಟೀನನ್ನು ಇಚಿರೊ ನಿಶೀ ಮತ್ತು ಸಂಗಡಿಗರು 2003ರಲ್ಲಿ ಗುರುತಿಸಿದರು. ಅದರ ವಂಶವಾಹಿ ಕೆಟ್ಟ ತಳಿಗಳು ಮಗುಚಲಾರದೆ ಉಳಿಯುತ್ತವೆ. ಕೋಶಗಳ ಹಾಳೆ ಬಾಗಿ ಅಂಗವಾಗುವುದು ಪ್ರಾಣಿ ಭ್ರೂಣಗಳಲ್ಲೂ ಸಾಮಾನ್ಯ, ಹಾಗಾಗಿ ಭ್ರೂಣಶಾಸ್ತ್ರಜ್ಞರಿಗೂ ಇದು ಮಾದರಿಯಾಗಿದೆ. ಗ್ಲೊಬೇಟರಿನಲ್ಲಿ ಮಗುಚುವಿಕೆ ಇನ್ನೊಂದು ರೀತಿಯದು. ಅಲ್ಲಿ ಬಾಗುವಿಕೆ ಶುರುವಾಗುವುದು ಹಿಂಭಾಗದಿಂದ.

ಮರಿಗೋಳಗಳು ಒಂದು ದಿನದ ಮಟ್ಟಿಗೆ ತಾಯಿಯ ಒಡಲಲ್ಲೇ ಇದ್ದು ದೊಡ್ಡದಾಗುತ್ತವೆ. ಲೀವೆನ್‌ಹುಕ್ ಕಂಡ ಗೋಳದೊಳಗಿನ ಗೋಳಗಳು ಇವೇ. ಬಳಿಕ ತಾಯಿಯ ಲೋಳೆಯಲ್ಲಿ ರಂಧ್ರ ಕೊರೆದುಕೊಂಡು ಹೊರಬರುತ್ತವೆ. ಖಾಲಿಯಾದ ತಾಯಿಗೋಳ ಸ್ವಲ್ಪ ಕಾಲ ಈಜಿಕೊಂಡಿರುತ್ತದೆ. ದೇಹಕೋಶಗಳು ಕ್ರಮೇಣ ಹಸಿರು ಕಳೆದುಕೊಂಡು ಸಾಯುತ್ತವೆ.

ದೇಹ ಮತ್ತು ಸಾವು

ಈ ಸಾವು ಜೀವವಿಜ್ಞಾನಿಗಳನ್ನು ಹತ್ತೊಂಬತ್ತನೆಯ ಶತಮಾನದಿಂದಲೂ ಕಾಡಿದೆ. ಏಕಕೋಶಜೀವಿ ಎರಡಾಗಿ ಸೀಳಿದಾಗ ಸತ್ತದ್ದು ಯಾವುದೂ ಇಲ್ಲ, ಹೆಣವಾಗಿ ಉಳಿಯುವುದೂ ಏನಿಲ್ಲ. ವಾಲ್ವಾಕ್ಸಿನಲ್ಲಿ ಹೆಣ ಉಳಿಯುತ್ತದೆ. ಸಂತತಿಯನ್ನು ಮುಂದುವರಿಸುವ ಕೋಶಗಳೂ ನಾಶವಾಗುವ ದೇಹದ ಕೋಶಗಳೂ ಬೇರೆಬೇರೆ ಎಂಬ ತನ್ನ ಸಿದ್ಧಾಂತವನ್ನು ಕಟ್ಟುವಾಗ ಜರ್ಮನಿಯ ಆಗಸ್ಟ್ ವೈಸ್ಮನ್ ಈ ಗುಂಪಿನ ಶೈವಲಗಳನ್ನೇ ಉದಾಹರಣೆಯಾಗಿ ಹಿಡಿದ. ಕಾರ್ಟೆರಿಯ ಇನ್ನೊಂದು ರೂಪಕ್ಕೆ ವೈಸ್ಮಾನಿಯ ಎಂಬ ಹೆಸರು ಉಳಿದಿದೆ.

ವಂಶವಾಹಿಗಳ ಮಟ್ಟದಲ್ಲಿ ಈ ಭೇದ ಅಚ್ಚರಿ ಹುಟ್ಟಿಸುವಷ್ಟು ಸರಳವಾಗಿದೆ. ಮೂರು ವಂಶವಾಹಿ ನೆಲೆಗಳು ಮುಖ್ಯ. ಜಿಎಲ್‌ಎಸ್ ಎಂಬುದು ಆರನೆಯ ವಿಭಜನೆ ಅಸಮವಾಗುವಂತೆ ನೋಡಿಕೊಳ್ಳುತ್ತದೆ. ಲ್ಯಾಗ್ ಎಂಬುದು ದೊಡ್ಡ ಕೋಶಗಳಲ್ಲಿ ಈಜುವ ಗುಣವನ್ನು ಅಡಗಿಸುತ್ತದೆ. ಮೂರನೆಯದು ರೆಗ್‌ಎ. ಚಿಕ್ಕ ಕೋಶಗಳಲ್ಲಿ ಇದು ಸಂತಾನೋತ್ಪತ್ತಿಯನ್ನು ಅಡಗಿಸುತ್ತದೆ. ರೆಗ್‌ಎ ಕೆಟ್ಟರೆ ದೇಹಕೋಶಗಳು ಕೆಲಕಾಲ ಈಜಿ, ಆಮೇಲೆ ಕಶಾಂಗ ಕಳಚಿ, ದಪ್ಪಗಾಗಿ, ಜನನಕೋಶಗಳಂತೆ ವಿಭಜಿಸತೊಡಗುತ್ತವೆ. ಸಾಯಬೇಕಿದ್ದ ಕೋಶಗಳೆಲ್ಲ ಸಂತಾನಕ್ಕೆ ನಿಲ್ಲುತ್ತವೆ. ಜಿಎಲ್‌ಎಸ್ ಒಂದೇ ಕೆಟ್ಟರೆ ಜನನಕೋಶವೇ ಹುಟ್ಟದೆ ಆ ತಳಿ ಒಂದೇ ಪೀಳಿಗೆಗೆ ಮುಗಿಯುತ್ತದೆ. ಹಾಗಾಗಿ ಆ ದೋಷವನ್ನು ಕಾಣಲು ಸಾಧ್ಯವಾದದ್ದು ರೆಗ್‌ಎ ಆಗಲೇ ಕೆಟ್ಟಿದ್ದ ತಳಿಗಳಲ್ಲಿ ಮಾತ್ರ. ಎರಡೂ ಕೆಟ್ಟಾಗ ಕೋಶಗಳೆಲ್ಲ ಒಂದೇ ಥರ ಆಗುತ್ತವೆ. ಮೊದಲು ಈಜುತ್ತವೆ, ಆಮೇಲೆ ವಿಭಜಿಸುತ್ತವೆ. ಇದು ವಾಲ್ವಾಕ್ಸಿನ ಸರಳ ಬಂಧುವಾದ ಯೂಡೊರೈನದ ಜೀವನಕ್ರಮ. ಎರಡು ವಂಶವಾಹಿ ಕಳಚಿದರೆ ಇಷ್ಟು ಹಿಂದಕ್ಕೆ ಹೋಗಬಹುದು.

ರೆಗ್‌ಎ ಕೆಲಸ ಮಾಡುವ ಬಗೆಯೂ ಗಮನಿಸತಕ್ಕದ್ದು. ಅದು ವಿಭಜನೆಯನ್ನು ನೇರವಾಗಿ ತಡೆಯುವುದಿಲ್ಲ. ಕ್ಲೋರೊಪ್ಲಾಸ್ಟ್ ಬೆಳೆಯಲು ಬೇಕಾದ ವಂಶವಾಹಿಗಳನ್ನು ಅದು ಅದುಮಿ ಹಿಡಿಯುತ್ತದೆ. ಆಹಾರ ತಯಾರಿಸಿ ಬೆಳೆಯಲಾಗದ ಕೋಶ ವಿಭಜಿಸುವ ಗಾತ್ರವನ್ನು ಮುಟ್ಟುವುದೇ ಇಲ್ಲ. ಈ ವಂಶವಾಹಿಯನ್ನು ಹಿಡಿಯಲು ಕರ್ಕ್ ತಂಡಕ್ಕೆ ನೆರವಾದದ್ದು ಜೀನೋಮಿನಲ್ಲಿ ಜಾಗದಿಂದ ಜಾಗಕ್ಕೆ ಜಿಗಿಯುವ ಒಂದು ಡಿಎನ್‌ಎ ತುಣುಕು. ಜಿಗಿತಕ್ಕೆ ಹೆಸರಾದ ಬಾಸ್ಕೆಟ್‌ಬಾಲ್ ಆಟಗಾರನ ಗೌರವಾರ್ಥ ಅದನ್ನು ಜೋರ್ಡನ್ ಎಂದು ಕರೆದರು. ರೆಗ್‌ಎಯನ್ನು ಹೋಲುವ ವಂಶವಾಹಿ ಏಕಕೋಶದ ಕ್ಲಮೈಡೊಮೊನಾಸಿನಲ್ಲೂ ಇದೆ. ಬೆಳಕಿನ ಕೊರತೆಯಾದಾಗ ಅಲ್ಲಿ ಅದು ಚುರುಕಾಗುತ್ತದೆ ಎಂದು ಅರೋರಾ ನೆಡೆಲ್ಕು ಮತ್ತು ರಿಚರ್ಡ್ ಮಿಕೋಡ್ 2006ರಲ್ಲಿ ತೋರಿಸಿದರು. ಕಷ್ಟಕಾಲದಲ್ಲಿ ತಾತ್ಕಾಲಿಕವಾಗಿ ಬೆಳವಣಿಗೆ ನಿಲ್ಲಿಸಿ ಬದುಕುಳಿಯುವ ಹಳೆಯ ಉಪಾಯವನ್ನು ವಾಲ್ವಾಕ್ಸ್ ಕೆಲವು ಕೋಶಗಳಿಗೆ ಶಾಶ್ವತ ವಿಧಿಯಾಗಿಸಿತು ಎಂಬುದು ಅವರ ವಾದ. ನನಗೆ ಇದು ಈ ಶೈವಲದ ಬಗ್ಗೆ ಬಂದಿರುವ ವಿಚಾರಗಳಲ್ಲೇ ಅತ್ಯಂತ ಗಟ್ಟಿಯಾದುದೆನಿಸುತ್ತದೆ. ಹೊಸ ಅಂಗಕ್ಕೆ ಹೊಸ ವಂಶವಾಹಿ ಬೇಕೆಂಬ ಊಹೆಯನ್ನು ಅದು ಬುಡಸಹಿತ ಅಲುಗಾಡಿಸುತ್ತದೆ.

ದುಡಿದು ಸಾಯುವ ಕೋಶಗಳು ಬೇಕಾದರೂ ಏಕೆ? ಉತ್ತರದ ಒಂದು ಭಾಗ ಕೋಶಭಿತ್ತಿಯಲ್ಲಿದೆ. ಈ ಶೈವಲಗಳ ಭಿತ್ತಿ ಗಡುಸಾದ್ದರಿಂದ ಕಶಾಂಗದ ಬುಡಕಾಯಗಳು ಇದ್ದಲ್ಲಿಂದ ಕದಲಲಾರವು. ವಿಭಜನೆಗೂ ಅದೇ ಬುಡಕಾಯಗಳು ಬೇಕು. ಈಜುತ್ತಲೇ ವಿಭಜಿಸುವುದು ನಾಲ್ಕೈದು ಸುತ್ತಿನವರೆಗೆ ಮಾತ್ರ ನಡೆದೀತು, ಅಂದರೆ 32 ಕೋಶಗಳವರೆಗೆ. ಅದಕ್ಕಿಂತ ದೊಡ್ಡದಾಗಬೇಕಾದರೆ ಸಂತಾನದ ಹೊತ್ತಿನಲ್ಲಿ ಇಡೀ ಸಮೂಹ ಈಜು ನಿಲ್ಲಿಸಿ ಮುಳುಗಬೇಕು, ಇಲ್ಲವೇ ಕೆಲವರು ವಿಭಜನೆಯ ಹಕ್ಕನ್ನು ಬಿಟ್ಟುಕೊಟ್ಟು ಈಜುತ್ತಲೇ ಇರಬೇಕು. ಮುಳುಗಿದರೆ ಬೆಳಕಿಲ್ಲ. ವಸಿಲಿಕಿ ಕೌಫೋಪನೌ 1994ರಲ್ಲಿ ಈ ಇಕ್ಕಟ್ಟನ್ನು ವಿಸ್ತಾರವಾಗಿ ಚರ್ಚಿಸಿದರು. ಉತ್ತರದ ಇನ್ನೊಂದು ಭಾಗ ಆಹಾರ ಸಾಗಣೆಯದು. ಗೋಳ ದೊಡ್ಡದಾದಂತೆ ಪೋಷಕಾಂಶಗಳು ತಾವಾಗಿ ಹರಡಿಕೊಂಡು ಒಳಸೇರುವುದು ಸಾಲದಾಗುತ್ತದೆ. ಸಾವಿರಾರು ಕಶಾಂಗಗಳು ಎಬ್ಬಿಸುವ ಹರಿವು ಹೊಸ ನೀರನ್ನು ಮೈಗೆ ತಂದುಕೊಡುತ್ತದೆ ಎಂದು 2006ರ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿತು. ದೇಹಕೋಶಗಳು ಹೀಗೆ ಈಜಿಸುವವೂ ಹೌದು, ಉಣಿಸುವವೂ ಹೌದು.

ಪಠ್ಯಪುಸ್ತಕಗಳು ವಾಲ್ವಾಕ್ಸನ್ನು ಸಮೂಹಜೀವಿ ಎಂದೇ ಕರೆಯುತ್ತವೆ. ನಮ್ಮ ಪಿಯುಸಿ ಮಕ್ಕಳು ಓದುವ ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಹಾಗೇ ಇದೆ. ಬಿಡಿಸಿದರೆ ಒಂದೊಂದೂ ತನ್ನ ಪಾಡಿಗೆ ವಂಶ ಬೆಳೆಸಬಲ್ಲ 16 ಸಮಾನ ಕೋಶಗಳ ಗೋನಿಯಮಿಗೆ ಆ ವಿವರಣೆ ಸರಿ. ಗೋಳದಿಂದ ಬೇರ್ಪಟ್ಟರೆ ಯಾವ ಪೀಳಿಗೆಯನ್ನೂ ಕೊಡಲಾಗದ ಎರಡು ಸಾವಿರ ಕೋಶಗಳಿರುವ ಕಾರ್ಟೆರಿಗೆ ಅದು ಸಾಲದು. ಇದು ಬಹುಕೋಶಜೀವಿ. ಈ ಕ್ಷೇತ್ರದ ಹೆಚ್ಚಿನ ಸಂಶೋಧಕರೂ ಈಗ ಹಾಗೆಯೇ ಬರೆಯುತ್ತಾರೆ.

ಲೈಂಗಿಕ ಸಂತಾನೋತ್ಪತ್ತಿ

ಕಾರ್ಟೆರಿಯಲ್ಲಿ ಗಂಡು ಹೆಣ್ಣು ತಳಿಗಳು ಬೇರೆಬೇರೆ. ಅಲೈಂಗಿಕ ಹಂತದಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗದು. ಒಂದು ಪ್ರೇರಕ ಪ್ರೋಟೀನು ನೀರಿಗೆ ಬಂತೆಂದರೆ ಮುಂದಿನ ಪೀಳಿಗೆಯ ಭ್ರೂಣಗಳ ವಿಭಜನೆಯೇ ಬದಲಾಗುತ್ತದೆ. ಹೆಣ್ಣುಗೋಳದಲ್ಲಿ 16 ಗೊನಿಡಿಯಗಳ ಬದಲು ಸುಮಾರು 32ರಿಂದ 48 ಅಂಡಗಳಾಗುತ್ತವೆ. ಗಂಡುಗೋಳ ಚಿಕ್ಕದು, ಅದರಲ್ಲಿ ದೇಹಕೋಶಗಳೂ ಪುಂಜನಕ ಕೋಶಗಳೂ ಸುಮಾರು ಸಮಸಂಖ್ಯೆಯಲ್ಲಿರುತ್ತವೆ. ಪ್ರತಿ ಪುಂಜನಕ ಕೋಶ ಸೀಳಿ ವೀರ್ಯಾಣುಗಳ ಒಂದು ಕಟ್ಟಾಗುತ್ತದೆ. ಕಟ್ಟು ಇಡಿಯಾಗಿ ಈಜಿ ಹೆಣ್ಣುಗೋಳವನ್ನು ಮುಟ್ಟಿದ ಮೇಲೆ ಬಿಚ್ಚಿಕೊಳ್ಳುತ್ತದೆ.

ಆ ಪ್ರೇರಕ ಪ್ರೋಟೀನು ಜೀವಲೋಕದಲ್ಲಿ ಗೊತ್ತಿರುವ ಅತಿ ಪ್ರಬಲ ಸಂಕೇತವಸ್ತುಗಳಲ್ಲಿ ಒಂದು. ಒಂದು ಲೀಟರಿನಲ್ಲಿ ಒಂದು ಮೋಲಿನ ಸಾವಿರ ಲಕ್ಷಕೋಟಿಯ ಒಂದು ಪಾಲಿಗಿಂತಲೂ ಕಡಿಮೆ ಇದ್ದರೂ ಅದು ಕೆಲಸ ಮಾಡುತ್ತದೆ. ಅದು ಮೊದಲು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಕರ್ಕ್ ದಂಪತಿ 1986ರಲ್ಲಿ ಉತ್ತರ ಕಂಡರು. ನೀರನ್ನು 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿಮಾಡಿದಾಗ ಅಲೈಂಗಿಕ ಗೋಳಗಳ ದೇಹಕೋಶಗಳೇ ಈ ಪ್ರೋಟೀನನ್ನು ತಯಾರಿಸಿದವು. ಬೇಸಿಗೆಯಲ್ಲಿ ಬತ್ತುತ್ತಿರುವ ಕುಂಟೆಯ ತೆಳುನೀರು ಅಷ್ಟು ಕಾಯುವುದು ಸಹಜ. ಒಣಗುವ ಮುನ್ನವೇ ಎಚ್ಚರಿಕೆ ಮುಟ್ಟುತ್ತದೆ, ಗರ್ಭಾಂಕುರ ನಡೆಯುತ್ತದೆ. ಫಲಿತ ಅಂಡ ದಪ್ಪ ಭಿತ್ತಿ ಕಟ್ಟಿಕೊಂಡು ಕೇಸರಿಗೆಂಪಾಗಿ ಕೆಸರಿನಲ್ಲಿ ಸುಪ್ತವಾಗುತ್ತದೆ. ನೀರು ಮರಳಿದಾಗ ಅರ್ಧಕ ವಿಭಜನೆಯಾಗಿ, ನಾಲ್ಕು ಪಾಲಿನಲ್ಲಿ ಒಂದು ಮಾತ್ರ ಉಳಿದು ಹೊಸ ಗೋಳವಾಗುತ್ತದೆ. ಸುಪ್ತಬೀಜವೊಂದನ್ನು ಬಿಟ್ಟರೆ ಜೀವನಚಕ್ರದ ಉಳಿದ ಹಂತಗಳೆಲ್ಲ ಏಕಗುಣಿತ.

ಜೀನೋಮ್ ಮತ್ತು ವಿಕಾಸ

ಕಾರ್ಟೆರಿಯ ಜೀನೋಮ್ 2010ರಲ್ಲಿ ಪ್ರಕಟವಾಯಿತು. ಸುಮಾರು 13.8 ಕೋಟಿ ಬೇಸ್‌ಜೋಡಿ, ಪ್ರೋಟೀನುಗಳ ಸಂಕೇತ ಹೊತ್ತ 14,520 ವಂಶವಾಹಿಗಳು. ಏಕಕೋಶದ ಕ್ಲಮೈಡೊಮೊನಾಸಿನಲ್ಲಿ ಆಗ ಎಣಿಸಿದ್ದು 14,516. ಬಹುಕೋಶ ಬದುಕಿಗೆ ವಂಶವಾಹಿಗಳ ದೊಡ್ಡ ಹೊಸ ಸರಕು ಬೇಕಾಗಲಿಲ್ಲ. ಗಮನಾರ್ಹವಾಗಿ ಹೆಚ್ಚಿದ್ದು ಲೋಳೆಯ ಪ್ರೋಟೀನುಗಳ ಕುಟುಂಬಗಳಂಥ ಕೆಲವು ಮಾತ್ರ.

ಈ ವಂಶದ ಜೀವಂತ ಬಂಧುಗಳು ಹಂತಹಂತವಾಗಿ ನಿಲ್ಲುತ್ತವೆ: ಒಂಟಿ ಕ್ಲಮೈಡೊಮೊನಾಸ್, 16 ಕೋಶದ ಗೋನಿಯಮ್ ಮತ್ತು ಪ್ಯಾಂಡೊರೈನ, 32ರವರೆಗಿನ ಯೂಡೊರೈನ, ಮುಂಭಾಗದಲ್ಲಿ ಕೆಲವೇ ಬಂಜೆ ಕೋಶಗಳಿರುವ ಪ್ಲಿಯೊಡೊರೈನ, ಕೊನೆಗೆ ವಾಲ್ವಾಕ್ಸ್. ಇದನ್ನು ಒಂದೇ ಏಣಿಯಾಗಿ ಕಲಿಸುವ ಪದ್ಧತಿ ಈಗ ಸಲ್ಲದು. ಡಿಎನ್‌ಎ ಹೋಲಿಕೆಗಳ ಪ್ರಕಾರ ವಾಲ್ವಾಕ್ಸ್ ರೂಪ ಒಂದಕ್ಕಿಂತ ಹೆಚ್ಚು ಸಲ ಸ್ವತಂತ್ರವಾಗಿ ವಿಕಾಸವಾಗಿದೆ. ಗ್ಲೊಬೇಟರಿನ ಬಳಗ ಒಂದು ಕವಲು, ಕಾರ್ಟೆರಿಯದು ಇನ್ನೊಂದು. ಒಂದೇ ಜಾತಿಯ ಹೆಸರಿನಡಿ ಇರುವ ಇವು ನಿಜಕ್ಕೂ ದೂರದ ನೆಂಟರು. ಇಡೀ ಗುಂಪು ಏಕಕೋಶ ಪೂರ್ವಜರಿಂದ ಕವಲೊಡೆದದ್ದು 20 ಕೋಟಿ ವರ್ಷಗಳಿಗೂ ಹಿಂದೆ ಎಂದು 2009ರ ಅಂದಾಜು. ಪ್ರಾಣಿಗಳ ಬಹುಕೋಶತ್ವ ಅದಕ್ಕಿಂತ ಎಷ್ಟೋ ಹಳೆಯದು. ಅಲ್ಲಿ ಅಳಿಸಿಹೋದ ಹೆಜ್ಜೆಗಳು ಇಲ್ಲಿ ಓದಲು ಸಿಗುವುದು ಅದಕ್ಕೇ.

ಬೆಳಕು ಗ್ರಹಿಸುವ ವಾಲ್ವಾಕ್ಸಿನ ಪ್ರೋಟೀನಿಗೆ ವೈದ್ಯ ಸಂಶೋಧನೆಯಲ್ಲೂ ಬಳಕೆಯುಂಟು. ಬೆಳಕು ಬಿದ್ದಾಗ ತೆರೆದುಕೊಳ್ಳುವ ಚಾನೆಲ್‌ರೊಡಾಪ್ಸಿನ್ ಎಂಬ ದ್ವಾರವನ್ನು ಮೊದಲು ಕ್ಲಮೈಡೊಮೊನಾಸಿನಲ್ಲಿ ಕಂಡರು. ಅದು ನೀಲಿಗೆ ಸ್ಪಂದಿಸುತ್ತದೆ. 2008ರಲ್ಲಿ ವಾಲ್ವಾಕ್ಸಿನ ದ್ವಾರವೊಂದು ಹಳದಿ ಬೆಳಕಿಗೂ ತೆರೆಯುವುದು ಗೊತ್ತಾಯಿತು. ಇಲಿಗಳ ನರಕೋಶಗಳಲ್ಲಿ ಎರಡನ್ನೂ ಬಳಸಿ ಬೇರೆಬೇರೆ ಬಣ್ಣದ ಬೆಳಕಿನಿಂದ ನರಗಳನ್ನು ಪ್ರಚೋದಿಸುವ ದಾರಿ ಅದರಿಂದ ತೆರೆಯಿತು.

ನೆಲೆ ಮತ್ತು ಸಂಗ್ರಹ

ವಾಲ್ವಾಕ್ಸಿಗೆ ಬೇಕಾದುದು ಕದಡದ ನೀರು, ಧಾರಾಳ ಬೆಳಕು, ಸಾಕಷ್ಟು ರಂಜಕ ಮತ್ತು ಸಾರಜನಕ. ಅನುಕೂಲ ಒದಗಿದರೆ ಕೆಲವೇ ದಿನಗಳಲ್ಲಿ ನೀರನ್ನು ಹಸಿರಾಗಿಸಿ ಅಷ್ಟೇ ಬೇಗ ಮರೆಯಾಗುತ್ತದೆ. ನೀಲಿಹಸಿರು ಬ್ಯಾಕ್ಟೀರಿಯಾಗಳು ಕೆರೆಗಳಲ್ಲಿ ಕಟ್ಟುವ ಕೆನೆಯಂತೆ ಇದು ವಿಷಕಾರಿಯಲ್ಲ. ಗಾತ್ರದಿಂದಾಗಿ ಸಣ್ಣ ಪ್ರಾಣಿಪ್ಲವಕಗಳ ಬಾಯಿಗೆ ಸಿಗುವುದಿಲ್ಲ. ಆದರೂ ಶತ್ರುಗಳಿದ್ದಾರೆ. ಒಂದು ಬಗೆಯ ರೋಟಿಫರ್ ಗೋಳದ ಒಳಗೇ ನುಗ್ಗಿ, ಅಲ್ಲೇ ಮೊಟ್ಟೆಯಿಟ್ಟು, ಕೋಶಗಳನ್ನು ತಿನ್ನುತ್ತ ಬದುಕುತ್ತದೆ. ಮೊಜಾಂಬಿಕ್‌ನ ಕಹೋರಾ ಬಾಸ್ಸಾ ಜಲಾಶಯದಲ್ಲಿ ವಾಲ್ವಾಕ್ಸ್ ಹಗಲು ಮೇಲಿದ್ದು ರಾತ್ರಿ ಆಳಕ್ಕಿಳಿಯುವುದನ್ನು 1986ರಲ್ಲಿ ದಾಖಲಿಸಿದ್ದಾರೆ. ಮೇಲೆ ಬೆಳಕು, ಆಳದಲ್ಲಿ ರಂಜಕ. ಈಜುಬಲ್ಲ ಶೈವಲಕ್ಕೆ ಎರಡೂ ದಕ್ಕುತ್ತವೆ.

ಸಂಗ್ರಹಿಸುವವರು ಬಿಸಿಲು ಬೀಳುವ ದಂಡೆಯ ಹತ್ತಿರ, ಮೇಲ್ಪದರದ ನೀರನ್ನು ತೆಳು ಬಲೆಯಲ್ಲಿ ಸೋಸಿ ಅಗಲ ಬಾಯಿಯ ಗಾಜಿನ ಪಾತ್ರೆಗೆ ಹಾಕಬೇಕು. ಪಾತ್ರೆಯನ್ನು ಕಿಟಕಿಯ ಬಳಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಗೋಳಗಳು ಬೆಳಕಿನ ಬದಿಗೆ ಸೇರುತ್ತವೆ. ಅಲ್ಲಿಂದ ಡ್ರಾಪರಿನಲ್ಲಿ ಎತ್ತಿಕೊಳ್ಳಬಹುದು. ನೇರ ಬಿಸಿಲಿಗೆ ಬಿಟ್ಟರೆ ಸಾಯುತ್ತವೆ. ಸ್ಲೈಡಿನ ಮೇಲೆ ಕವರ್‌ಸ್ಲಿಪ್ ಒತ್ತಿದರೆ ಗೋಳ ಚಪ್ಪಟೆಯಾಗಿ ಒಡೆಯುವುದರಿಂದ ಗುಳಿಯಿರುವ ಸ್ಲೈಡ್ ಒಳ್ಳೆಯದು. 40 ಪಟ್ಟು ವರ್ಧನೆಯಲ್ಲಿ ಇಡೀ ಗೋಳದ ಚಲನೆಯೂ 400 ಪಟ್ಟಿನಲ್ಲಿ ದೇಹಕೋಶಗಳ ಕಣ್ಚುಕ್ಕಿಯೂ ಕಾಣುತ್ತವೆ. ಕೋಶಗಳ ನಡುವೆ ಎಳೆಗಳಿದ್ದು ಕೋಶಗಳು ನಕ್ಷತ್ರದಂತೆ ಚೂಪಾಗಿದ್ದರೆ ಅದು ಗ್ಲೊಬೇಟರಿನ ಬಳಗ. ದುಂಡನೆಯ ಕೋಶಗಳೂ ನವಿರಾದ ಎಳೆಗಳೂ ಇದ್ದರೆ ಆರಿಯಸ್ ಇರಬಹುದು. ಎಳೆಗಳೇ ಇಲ್ಲದೆ, ಎಳೆಯ ಗೋಳದಲ್ಲೇ ಜನನಕೋಶಗಳು ದೊಡ್ಡದಾಗಿ ಎದ್ದುಕಂಡರೆ ಕಾರ್ಟೆರಿ ಅಥವಾ ಅದರ ಹತ್ತಿರದ ನೆಂಟ ಎಂದು ಭಾವಿಸಿ ಮುಂದಿನ ಪರೀಕ್ಷೆಗೆ ಹೋಗಬಹುದು.